ಅಮ್ಮ ಸುಮ್ಮನಿದ್ದಾಗ ನಾನು ನಡೆಸಿದ ಮನೆ ಪ್ರಾರ್ಥನೆ

ನಮ್ಮ ಮನೆಯಲ್ಲಿ ದಿನಾ ಸಂಜೆ ಏಳಕ್ಕೆ ಕುಟುಂಬ ಪ್ರಾರ್ಥನೆ ನಡೆಯುತ್ತದೆ. ಅದನ್ನು ನಡೆಸುವುದು ದೊಡ್ಡ ಕೆಲಸವೇನಲ್ಲ ಎಂದು ನಾನು ಬಹಳ ವರ್ಷಗಳಿಂದ ನಂಬಿಕೊಂಡಿದ್ದೆ. ಒಂದು ಕೀರ್ತನೆ ಹಾಡಬೇಕು, ಸತ್ಯವೇದದಿಂದ ಒಂದು ಭಾಗ ಓದಬೇಕು, ಕಣ್ಣು ಮುಚ್ಚಿಕೊಂಡು ಬೇಕಾದವರಿಗೆಲ್ಲ ಒಳ್ಳೆಯದಾಗಲಿ ಎನ್ನಬೇಕು, ಆಮೆನ್ ಎಂದು ಎದ್ದು ಊಟಕ್ಕೆ ಕೂರಬೇಕು. ಎಂ.ಎ. ಮಾಡಿದವನಿಗೆ ಇದೇನು ಮಹಾ?

ಈ ನಂಬಿಕೆ ನನಗೆ ಬಂದದ್ದು ವರಾಂಡದಲ್ಲಿ ಕೂತು. ಅಪ್ಪ ತೀರಿಕೊಂಡ ಮೇಲೆ ಪ್ರಾರ್ಥನೆ ನಡೆಸುತ್ತಿದ್ದವಳು ಅಮ್ಮ. ಹೆಂಡತಿ ಶೀಲಾ, ಪಿಯುಸಿ ಓದುವ ಮಗಳು ಹನ್ನಾ, ಪಕ್ಕದ ಮನೆಯ ಗೌರಮ್ಮ, ಇಷ್ಟು ಜನ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಕೂರುತ್ತಿದ್ದರು. ಗೌರಮ್ಮ ಹಣೆಗೆ ವಿಭೂತಿ ಇಟ್ಟುಕೊಂಡೇ ಬಂದು ಕೂರುವವರು. ಅವರ ಹಸುವಿಗೆ ಅಮ್ಮನ ಪ್ರಾರ್ಥನೆಯ ಮೇಲೆ ನಂಬಿಕೆ ಹೆಚ್ಚಂತೆ. ನಾನು ಮಾತ್ರ ಹೊರಗೆ ಪೇಪರ್ ಓದುತ್ತಿದ್ದೆ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನು ನಾನು. ಅದನ್ನೇ ಹಾಸನದ ಒಂದು ಕಾಲೇಜಿನಲ್ಲಿ ಪಾಠ ಮಾಡಲು ಹೊಳೆನರಸೀಪುರದಿಂದ ದಿನಾ ಬಸ್ಸು ಹತ್ತುತ್ತೇನೆ. ಆಧಾರವಿಲ್ಲದೆ ಯಾವುದನ್ನೂ ಒಪ್ಪಬೇಡಿ ಎಂದು ಹುಡುಗರಿಗೆ ಹೇಳಿ ಹೇಳಿ ದೇವರನ್ನೂ ಒಪ್ಪದ ಹಾಗಾಗಿತ್ತು. ಇತ್ತೀಚೆಗೆ ನನ್ನ ನೆನಪನ್ನೂ ಒಪ್ಪದ ಹಾಗಾಗಿದೆ. ಹೋದ ವರ್ಷ ಹುಡುಗರನ್ನು ಕೊರವಂಗಲದ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ, ಜೋಡಿ ಗುಡಿಯಲ್ಲಿ ಇನ್ನೊಂದು ಎಲ್ಲಿ ಎಂದು ಬಹಳ ಹೊತ್ತು ಹುಡುಕಿದೆ. ಜೋಡಿ ಗುಡಿ ಇರುವುದು ಮೊಸಳೆ ಎಂಬ ಊರಿನಲ್ಲಿ.

ಹೀಗಿರುವಾಗ ಅಮ್ಮನ ಗಂಟಲಲ್ಲಿ ಒಂದು ಸಣ್ಣ ಗಂಟು ಕಾಣಿಸಿಕೊಂಡಿತು. ಹಾಸನದ ಡಾಕ್ಟರಮ್ಮ ಅದನ್ನು ತೆಗೆದು, ಭಯಪಡುವಂಥದ್ದೇನೂ ಅಲ್ಲ ಎಂದರು. ಹಿಂದೆಯೇ ಭಯಪಡುವಂಥ ಮಾತನ್ನೂ ಹೇಳಿದರು.

“ಮೂರು ವಾರ ಒಂದು ಮಾತೂ ಆಡಬಾರದು. ಪಿಸುಮಾತೂ ಬೇಡ. ಗಾಯ ಒಣಗೋ ಮುಂಚೆ ಮಾತಾಡಿದ್ರೆ ದನಿ ಒಡೆದೇ ಉಳಿದುಬಿಡಬಹುದು.”

ನಮ್ಮ ಚರ್ಚಿನ ಸಭೆಯಲ್ಲಿ ಹಾರ್ಮೋನಿಯಂ ಕೈಕೊಟ್ಟ ಭಾನುವಾರಗಳಲ್ಲಿ ಇಡೀ ಸಭೆ ಅಮ್ಮನ ದನಿ ಹಿಡಿದುಕೊಂಡು ಹಾಡುತ್ತದೆ. ನನ್ನನ್ನು ಬೆಳೆಸಿದ್ದು, ಬೈದದ್ದು, ಬೆಳಗಾಗೆದ್ದು ಬಸ್ಸಿಗೆ ಹೊರಡಿಸಿದ್ದು ಎಲ್ಲ ಆ ದನಿಯೇ. ಅದು ಒಡೆದು ಉಳಿಯುವುದೆಂದರೆ ಏನು ಎಂದು ಯೋಚಿಸುವುದಕ್ಕೂ ನನಗೆ ಇಷ್ಟವಿರಲಿಲ್ಲ.

ಬರೆದು ತೋರಿಸಲು ಅಮ್ಮನಿಗೆ ಆಗದು. ಬೆರಳುಗಳು ಸಂಧಿವಾತದಿಂದ ಮಡಚಿಕೊಂಡಿವೆ, ಪೆನ್ನು ನಿಲ್ಲುವುದಿಲ್ಲ. ಹಾಗಾಗಿ ಹನ್ನಾ ಅಜ್ಜಿಯ ಕೈಗೆ ಒಂದು ಸ್ಟೀಲ್ ಲೋಟ ಕೊಟ್ಟಳು. ನೆಲಕ್ಕೆ ಒಂದು ಸಲ ಕುಟ್ಟಿದರೆ ಬೇಡ, ಎರಡು ಸಲ ಕುಟ್ಟಿದರೆ ಹೂಂ. ಅಥವಾ ತಿರುಗಾಮುರುಗಾ. ನಾನು ಆಗ ಸರಿಯಾಗಿ ಕೇಳಿಸಿಕೊಂಡಿರಲಿಲ್ಲ.

ಅಂದು ಸಂಜೆ ಅಮ್ಮ ಚಾಪೆಯ ಮೇಲೆ ಕೂತು, ಎಲ್ಲರನ್ನೂ ನೋಡಿ, ಮಡಚಿದ ಬೆರಳನ್ನು ವರಾಂಡದ ಕಡೆ ಚಾಚಿದಳು.

“ರೀ, ಅಮ್ಮ ಕರೀತಿದ್ದಾರೆ,” ಎಂದಳು ಶೀಲಾ.

“ಯಾಕೆ?”

“ಪ್ರಾರ್ಥನೆ ನಡೆಸೋಕೆ.”

“ನೀನೇ ನಡೆಸು.”

“ಅವರು ತೋರಿಸ್ತಿರೋದು ನಿಮ್ಮನ್ನ. ನಾನು ಎಲ್ಲಿ ಕೂತ್ರೂ ಬೆರಳು ಆ ಕಡೆಗೇ ಹೋಗ್ತಿದೆ.”

ಪೇಪರ್ ಮಡಚಿಟ್ಟು ಎದ್ದೆ. ಭಾಷಣ ನನಗೆ ಹೊಸದಲ್ಲ. ಕಣ್ಣು ಮುಚ್ಚಿ, ಗಂಭೀರವಾಗಿ ಆರಂಭಿಸಿದೆ. “ಓ ದೇವರೇ, ನೀನಿದ್ದೀಯ ಎಂಬ ಅಭಿಪ್ರಾಯ ಈ ಮನೆಯಲ್ಲಿ ಬಹುಕಾಲದಿಂದ ಪ್ರಬಲವಾಗಿದೆ. ಆ ಅಭಿಪ್ರಾಯವನ್ನು ಗೌರವಿಸಿ, ಅದಕ್ಕೆ ವಿರುದ್ಧವಾದ ವಾದಗಳನ್ನು ಸದ್ಯಕ್ಕೆ ಬದಿಗಿಟ್ಟು...”

ಟಕ್.

ಪ್ರಾರ್ಥನೆ ಮುಗಿದ ಮೇಲೆ ಗೌರಮ್ಮ ಸೆರಗು ಕೊಡವಿಕೊಂಡು ಎದ್ದರು. “ಮೇಷ್ಟ್ರೇ, ಇದು ದೇವ್ರಿಗೆ ಕೋರ್ಟ್ ನೋಟಿಸ್ ಕೊಟ್ಟಂಗಾಯ್ತು. ನಮ್ಮ ಅಸಿನ್ ಇಸ್ಯ ಬರ್ಲೇ ಇಲ್ವಲ್ಲ.”

ಹಸುವಿನ ವಿಷಯ ನಾಳೆ ಖಂಡಿತ ತರುತ್ತೇನೆ ಎಂದೆ. ಅಮ್ಮ ದಿನಾ ಯಾರ್‍ಯಾರಿಗಾಗಿಯೋ ಪ್ರಾರ್ಥಿಸುತ್ತಿದ್ದಳು: ಕಾಯಿಲೆಯವರು, ಪರೀಕ್ಷೆಯವರು, ಚನ್ನರಾಯಪಟ್ಟಣದಲ್ಲಿ ಹೆರಿಗೆಗೆ ಕಾದಿರುವವರು. ಅವೆಲ್ಲ ಅವಳ ತಲೆಯಲ್ಲಿದ್ದವು. ನನ್ನ ತಲೆಯಲ್ಲೂ ಇವೆ ಎಂದು ನಾನು ಭಾವಿಸಿದ್ದೆ.

ಮರುದಿನ ಹಸುವಿನ ವಿಷಯ ಮುಗಿಸಿ, ನಮ್ಮ ಸಭೆಯ ಹಿರಿಯರಾದ ನಿವೃತ್ತ ಪೋಸ್ಟ್‌ಮ್ಯಾನ್ ಸೊಲೊಮೋನಪ್ಪನವರಿಗೆ ಬಂದೆ. “ಕರ್ತನೇ, ಅವರು ಮಲಗಿದಲ್ಲೇ ಇದ್ದಾರೆ. ಅವರನ್ನು ಎಬ್ಬಿಸು.”

ಟಕ್. ಟಕ್.

ಎರಡು ಸಲ. ಅಮ್ಮ ಒಪ್ಪಿದಳು ಎಂದು ಹುರುಪು ಬಂತು. “ಎಬ್ಬಿಸಿದರೆ ಸಾಲದು, ನಡೆಸು. ಅವರು ಈಗಲೇ ನಮ್ಮ ಮನೆಗೆ ಬಂದು, ಈ ಚಾಪೆಯ ಮೇಲೆ ಕೂತು, ನಮ್ಮ ಜೊತೆ ಕಾಫಿ ಕುಡಿಯುವ ಹಾಗಾಗಲಿ.”

“ಬ್ಯಾಡಿ ಮೇಷ್ಟ್ರೇ,” ಎಂದು ಗೌರಮ್ಮ ನನ್ನ ತೋಳು ಹಿಡಿದುಕೊಂಡರು. “ಮಣ್ ಮಾಡಿ ಮೂರ್ ತಿಂಗ್ಳಾಗದೆ. ಕತ್ಲಾಗದೆ ಬೇರೆ. ಬಂದ್ಗಿಂದ್ಬುಟ್ಟಾರು.”

ಕಣ್ಣು ಬಿಟ್ಟೆ. ಅಮ್ಮನ ಬಾಯಿ ತೆರೆದಿತ್ತು. ಅದರ ಮೇಲೆ ಶೀಲಾಳ ಅಂಗೈ ಇತ್ತು. ಇನ್ನೊಂದು ಕ್ಷಣ ತಡವಾಗಿದ್ದರೆ ಅಮ್ಮ ನನ್ನನ್ನು ತಿದ್ದಲು ಹೋಗಿ ದನಿಯನ್ನೇ ಕಳೆದುಕೊಳ್ಳುತ್ತಿದ್ದಳು.

“ರೀ, ಆ ಪೆಟ್ಟಿಗೆಗೆ ನೀವೇ ಹೆಗಲು ಕೊಟ್ಟಿದ್ರಲ್ಲ,” ಎಂದಳು ಶೀಲಾ.

ಹೆಗಲು ನೋವು ನನಗೆ ಚೆನ್ನಾಗಿ ನೆನಪಿತ್ತು. ಪೆಟ್ಟಿಗೆಯಲ್ಲಿ ಯಾರಿದ್ದರು ಎಂಬುದು ಮಾತ್ರ ಬಿಟ್ಟುಹೋಗಿತ್ತು. ಅಮ್ಮ ಕುಟ್ಟಿದ್ದೂ ಒಂದು ಹೂಂ ಅಲ್ಲ, ಎರಡು ಬೇಡ.

ಊಟದ ಹೊತ್ತಿಗೆ ತುರ್ತು ಸಭೆ ಸೇರಿತು. “ಹೆಸರೆಲ್ಲ ಬರ್ಕೊಂಡು ಓದಿಬಿಡಿ ಅಪ್ಪ,” ಎಂದಳು ಹನ್ನಾ. ಅಮ್ಮ ಲೋಟ ಒಂದು ಸಲ ಕುಟ್ಟಿದಳು. “ಬೇಡ ಅಂತಿದ್ದಾರೆ,” ಎಂದು ಶೀಲಾ ಅನುವಾದಿಸಿದಳು, “ದೇವರೇನು ದಿನಸಿ ಅಂಗಡಿಯವರಾ, ಚೀಟಿ ಕೊಡೋಕೆ?” ಒಂದು ಟಕ್‌ನಲ್ಲಿ ಇಷ್ಟೆಲ್ಲ ಇತ್ತೇ ಎಂದು ನಾನು ಕೇಳಲಿಲ್ಲ. ಕೊನೆಗೆ, ಪ್ರಾರ್ಥನೆ ನಡೆಸುವವನು ಮಾತ್ರ ಕಣ್ಣು ಬಿಟ್ಟುಕೊಂಡು ಅಮ್ಮನ ಮುಖ ನೋಡುತ್ತಿರಬೇಕು ಎಂದು ನಿರ್ಣಯವಾಯಿತು.

ನಾಲ್ಕೈದು ದಿನ ಇದು ಚೆನ್ನಾಗಿಯೇ ನಡೆಯಿತು. ಆದರೆ ನನಗೆ ಧೈರ್ಯ ಬಂದುಬಿಟ್ಟಿತು.

ನೆನಪನ್ನು ನಂಬುವುದು ಬೇಡ, ಇತಿಹಾಸಕಾರನಂತೆ ಆಧಾರ ನೋಡಿ ಮುಂದುವರಿಯೋಣ ಎಂದುಕೊಂಡೆ. ಅರಕಲಗೂಡಿನ ದೊಡ್ಡಪ್ಪನ ವಿಷಯ ತೆಗೆದುಕೊಳ್ಳಿ. ಅವರು ಅಪ್ಪನ ಅಣ್ಣ. ಹೋದ ವರ್ಷ ನಾನು ಬಿಳಿ ಅಂಗಿ ಹಾಕಿಕೊಂಡು ಅವರ ಮನೆಗೆ ಹೋಗಿದ್ದೆ. ಮನೆ ಮುಂದೆ ಶಾಮಿಯಾನ ಇತ್ತು. ಚರ್ಚಿನ ಸಭಾಪಾಲಕರು ಮಾತಾಡಿದ್ದರು. ಕೊನೆಯಲ್ಲಿ ದೊಡ್ಡಮ್ಮ ಕಂಬಕ್ಕೆ ಒರಗಿಕೊಂಡು ಅತ್ತಿದ್ದರು. ಇಷ್ಟು ಆಧಾರಗಳಿಂದ ಬರುವ ತೀರ್ಮಾನ ಒಂದೇ.

ಶನಿವಾರ ಸಂಜೆ, ಬಾಗಿಲಿಗೆ ಬೆನ್ನು ಮಾಡಿ ಕೂತು, ವಿಷಾದದಿಂದ ಹೇಳಿದೆ: “ಕರ್ತನೇ, ದೊಡ್ಡಪ್ಪನ ಅಗಲಿಕೆಯನ್ನು ಸಹಿಸುವ ಶಕ್ತಿಯನ್ನು ದೊಡ್ಡಮ್ಮನಿಗೆ ಕೊಡು.”

ಅಮ್ಮನ ಮುಖ ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ, ನನ್ನ ಹಿಂದೆ ನೋಡುತ್ತಿದ್ದಳು. ದುಃಖದಲ್ಲಿದ್ದಾಳೆ ಎಂದುಕೊಂಡೆ. ಲೋಟ ಒಂದೇ ಸಮನೆ ಕುಟ್ಟತೊಡಗಿತು. ಇದಕ್ಕೆ ಅರ್ಥ ಗೊತ್ತುಮಾಡಿರಲಿಲ್ಲವಾದ್ದರಿಂದ ಮುಂದುವರಿಸಿದೆ. “ಸ್ವಲ್ಪ ಮುಂಗೋಪಿಯಾಗಿದ್ದರೂ, ಕೈ ತುಸು ಬಿಗಿಯಾಗಿದ್ದರೂ, ಒಳ್ಳೆಯ ಮನುಷ್ಯರಾಗಿದ್ದರು.”

“ಕೈ ಬಿಗಿ ಅಂದ್ಯೇನ್ಲಾ?”

ದೊಡ್ಡಪ್ಪ ಹೊಸ್ತಿಲ ಮೇಲೆ ನಿಂತಿದ್ದರು. ಕೈಯಲ್ಲಿ ಅಮ್ಮನಿಗೆಂದು ತಂದ ಎಳನೀರಿನ ಚೀಲ.

“ಸತ್ತೋನು ಬಸ್ ಚಾರ್ಜ್ ಕೊಟ್ಕಂಡು ಬಂದಿವ್ನಿ ಕಣ್ಲಾ. ಬಿಗಿ ಅಂತೆ, ಬಿಗಿ.”

“ದೊಡ್ಡಪ್ಪ, ಹೋದ ವರ್ಷ ಆ ಶಾಮಿಯಾನ...”

“ಅದು ನಮ್ಮ ಮೊಮ್ಮಗಳ ಮದ್ವೆ ಕಣ್ಲಾ. ಎಣ್ಣು ಒಪ್ಸಿ ಕಳ್ಸೋವಾಗ ನಿಮ್ ದೊಡ್ಡವ್ವ ಅತ್ಲು. ನೀನು ಎರಡ್ ಸತಿ ಪಾಯ್ಸ ಆಕಿಸ್ಕಂಡೆ.”

ಆಗ ಅಮ್ಮ ನಕ್ಕುಬಿಟ್ಟಳು.

ಮೊದಲು ಭುಜ ಮಾತ್ರ ಅಲುಗಿತು. ಆಮೇಲೆ ದನಿ ಹೊರಬಂತು, ಅರ್ಧದಲ್ಲಿ ಸೀಳಿದ ಬಿದಿರಿನಂತೆ ಕಿರ್ರೆಂದು ನಿಂತಿತು. ಅಮ್ಮ ಎರಡೂ ಕೈಯಲ್ಲಿ ಗಂಟಲು ಹಿಡಿದುಕೊಂಡಳು. ಲೋಟ ಉರುಳಿ ಗೋಡೆಯ ಹತ್ತಿರ ಹೋಗಿ ನಿಂತಿತು. ಆಮೇಲೆ ಯಾರೂ ನಗಲಿಲ್ಲ.

ಶೀಲಾ ಡಾಕ್ಟರಮ್ಮನಿಗೆ ಫೋನ್ ಮಾಡಿದಳು. ರಕ್ತ ಬಂತೇ ಎಂದು ಕೇಳಿದರಂತೆ, ಇಲ್ಲ ಎಂದಳು. “ಹಾಗಿದ್ರೆ ಹೇಳಿದ ದಿನವೇ ಕರ್ಕೊಂಡು ಬನ್ನಿ. ದನಿ ಏನಾಗಿದೆ ಅಂತ ಆಗಲೇ ಗೊತ್ತಾಗೋದು. ದಯವಿಟ್ಟು ಅವರನ್ನ ನಗಿಸಬೇಡಿ.” ಫೋನ್ ಇಟ್ಟು ಶೀಲಾ ನನ್ನ ಕಡೆ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಸಂಜೆ ನಾನು ಯಾರೂ ಹೇಳದೆಯೇ ಪೇಪರ್ ತೆಗೆದುಕೊಂಡು ವರಾಂಡಕ್ಕೆ ಹೋದೆ. ಒಳಗೆ ಕೆಲಸ ಹಂಚಿಕೆಯಾಯಿತು. ದೊಡ್ಡಪ್ಪ ಊರಿಗೆ ಹೋಗಿರಲಿಲ್ಲ. “ನಾನು ಊರ್ಗೆ ಓದ್ರೆ ಇವ್ನು ಇನ್ನೊಂದ್ ಸತಿ ಮಣ್ ಮಾಡ್ಬುಡ್ತಾನೆ ಕಣಮ್ಮ ಶೀಲಾ, ಇಲ್ಲೇ ಇರ್ತೀನಿ” ಎಂದು ಕೀರ್ತನೆ ಎತ್ತಿಕೊಂಡರು. ಶ್ರುತಿ ಅರಕಲಗೂಡಿನಲ್ಲೇ ಉಳಿದಿತ್ತು. ಶೀಲಾ ಸತ್ಯವೇದ ಓದಿದಳು. ಹನ್ನಾ, “ಅಜ್ಜಿ ದಿನಾ ಹೇಳೋದನ್ನೇ ನಾನು ಹೇಳ್ತೀನಿ” ಎಂದು ಪ್ರಾರ್ಥನೆಗೆ ತೊಡಗಿದಳು. ಕಾಯಿಲೆಯವರು ಬಂದರು, ಬದುಕಿರುವವರು ಮಾತ್ರ. ಪರೀಕ್ಷೆಯವರು ಬಂದರು. ಗೌರಮ್ಮನ ಹಸು ಬಂತು. ಆಮೇಲೆ ಇದು ಬಂತು:

“ವರಾಂಡದಲ್ಲಿ ಪೇಪರ್ ಓದ್ತಾ ಕೂತಿರೋ ನನ್ನ ಮಗನ್ನ ನೋಡ್ಕೋ ಕರ್ತನೇ. ಅವನು ನಿನ್ನನ್ನ ಬಹಳ ಪ್ರಶ್ನೆ ಕೇಳ್ತಾನೆ. ಬೇಜಾರು ಮಾಡ್ಕೋಬೇಡ. ಚಿಕ್ಕಂದಿನಿಂದ್ಲೂ ಅವನು ಹಾಗೇ, ಇಷ್ಟ ಆದೋರನ್ನೇ ಜಾಸ್ತಿ ಕೇಳೋದು.”

ನಾನು ಒಂದೇ ಪುಟವನ್ನು ಬಹಳ ಹೊತ್ತು ನೋಡುತ್ತಿದ್ದೆ. ಆಮೇಲೆ ಹನ್ನಾಳನ್ನು ಕರೆದು ಕೇಳಿದೆ.

“ಆ ಕೊನೇದನ್ನ ನೀನೇ ಸೇರಿಸಿದ್ಯಾ?”

“ಇಲ್ಲಪ್ಪ. ಅಜ್ಜಿ ದಿನಾ ಹೇಳ್ತಾರೆ. ನಾನು ಚಿಕ್ಕೋಳಿದ್ದಾಗಿಂದ್ಲೂ.”

“ನಾನು ಇಲ್ಲೇ ಕೂತಿರ್ತೀನಿ. ಕೇಳಿಸಿದ ನೆನಪೇ ಇಲ್ಲ.”

“ನಿಮಗೆ ಸೊಲೊಮೋನಪ್ಪ ತಾತ ಸತ್ತಿದ್ದೂ ನೆನಪಿಲ್ಲ,” ಎಂದು ಅವಳು ಒಳಗೆ ಹೋದಳು. ಇಷ್ಟು ಬಲವಾದ ವಾದವನ್ನು ನಾನು ವಿಶ್ವವಿದ್ಯಾಲಯದಲ್ಲೂ ಕೇಳಿರಲಿಲ್ಲ.

ಮರುದಿನ ಪೇಪರ್ ಮುಟ್ಟದೆ ನಡುಮನೆಗೆ ಹೋಗಿ ಚಾಪೆಯ ತುದಿಯಲ್ಲಿ ಕೂತೆ. “ನನಗೂ ಒಂದು ಸಣ್ಣ ಕೆಲಸ ಕೊಡಿ,” ಎಂದೆ.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಕೊಡ್ರವ್ವ, ಪಾಪ,” ಎಂದರು ಗೌರಮ್ಮ. “ಯಾರ್ ಎಸ್ರೂ ಎತ್ತಂಗಿಲ್ಲ ಅಂತ ಏಳಿ ಕೊಡಿ.”

“ಅಮ್ಮನಿಗೋಸ್ಕರ ಮಾತ್ರ ಪ್ರಾರ್ಥನೆ ಮಾಡಿ,” ಎಂದಳು ಶೀಲಾ. “ಬೇರೆ ಯಾರ ತಂಟೆಗೂ ಹೋಗಬೇಡಿ.”

ಇದು ಸುರಕ್ಷಿತ. ಅಮ್ಮ ಬದುಕಿದ್ದಾಳೆ ಎಂಬುದಕ್ಕೆ ಆಧಾರ ಎದುರಿಗೇ ಲೋಟ ಹಿಡಿದು ಕೂತಿತ್ತು. ಅಮ್ಮನ ಮುಖ ನೋಡುತ್ತಿರಬೇಕೆಂಬ ನಿಯಮ ಮರೆತು ಕಣ್ಣು ಮುಚ್ಚಿದೆ. ಹೇಳಬೇಕೆಂದುಕೊಂಡಿದ್ದ ದೊಡ್ಡ ವಾಕ್ಯಗಳು ಒಂದೂ ಬರಲಿಲ್ಲ. ಆ ಸೀಳಿದ ನಗು ಮಾತ್ರ ಕಿವಿಯಲ್ಲಿತ್ತು.

“ಅಮ್ಮನ ದನಿ ವಾಪಸ್ ಕೊಡು,” ಎಂದೆ. ಯಾರನ್ನು ಕೇಳುತ್ತಿದ್ದೇನೆ ಎಂದು ಆಗ ಯೋಚಿಸಲಿಲ್ಲ. “ಹಾಳಾಗಿದ್ದರೆ ನನ್ನಿಂದ ಆಗಿದೆ. ಆದರೂ ಕೊಡು.”

ಆಮೇಲೆ ಮೆಲ್ಲಗೆ, ನೆಲಕ್ಕೂ ನೋವಾಗದ ಹಾಗೆ: ಟಕ್, ಟಕ್.

ಎರಡು ಸಲ ಎಂದರೆ ಹೂಂ. ಅಷ್ಟು ಹೊತ್ತಿಗೆ ಕಲಿತಿದ್ದೆ.

ಮೂರು ವಾರ ಮುಗಿದ ದಿನ ಎಲ್ಲರೂ ಹಾಸನಕ್ಕೆ ಹೊರಟೆವು, ದೊಡ್ಡಪ್ಪನೂ. ಡಾಕ್ಟರಮ್ಮ ಗಂಟಲಿಗೆ ಬೆಳಕು ಬಿಟ್ಟು ನೋಡಿ, ಕುರ್ಚಿಗೆ ಒರಗಿ, “ಏನಾದ್ರೂ ಮಾತಾಡಿ ಅಮ್ಮ,” ಎಂದರು.

ಅಮ್ಮ ನನ್ನ ಕಡೆ ತಿರುಗಿದಳು. ಬಾಯಿ ತೆರೆದಳು. ಮೊದಲು ಗಾಳಿ ಬಂತು. ಆಮೇಲೆ ಸ್ವಲ್ಪ ಕರಕರ. ಅದರೊಳಗಿಂದ, ಬೂದಿ ಉಜ್ಜಿದ ಮೇಲೆ ಪಾತ್ರೆ ಹೊಳೆಯುವ ಹಾಗೆ, ಅವಳದೇ ದನಿ.

“ಮಲಗಿದಲ್ಲೇ ಇರೋದು ಸೊಲೊಮೋನಪ್ಪನ ತಮ್ಮ ಕಣೋ.”

ಶೀಲಾ ಅತ್ತುಬಿಟ್ಟಳು.

“ಚನ್ನರಾಯಪಟ್ಟಣದ ಹುಡುಗಿಗೆ ಹೆರಿಗೆ ಆಗಿ ಮಗು ತೆವಳ್ತಿದೆ. ನೀನು ಇನ್ನೂ ಸುಖಪ್ರಸವ ಕೇಳ್ತಾ ಕೂತಿದ್ದೆ. ಗೌರಮ್ಮನ ಹಸುಗೆ ಕಾಲು ನೋವು, ಹಾಲು ಕಮ್ಮಿ ಅಲ್ಲ.”

“ಸಾಕು ಅಮ್ಮ, ದನಿ ಚೆನ್ನಾಗಿದೆ,” ಎಂದರು ಡಾಕ್ಟರಮ್ಮ ನಗುತ್ತಾ. “ಜಾಸ್ತಿ ಆಯಾಸ ಮಾಡ್ಕೋಬೇಡಿ.”

“ಇನ್ನೂ ಇದೆ ಡಾಕ್ಟರಮ್ಮ. ಮೂರು ವಾರದ್ದು ಗಂಟಲಲ್ಲೇ ಇಟ್ಕೊಂಡಿದ್ದೀನಿ.”

ತಿದ್ದುಪಡಿಗಳು ಬಸ್ಸು ಮೊಸಳೆ ಊರನ್ನು ದಾಟುವ ತನಕ ನಡೆದವು. ಮುಂದಿನ ಸೀಟಿನವರು ಒಂದೆರಡು ಸಲ ತಿರುಗಿ ನೋಡಿದರು. ನಾನು ಒಂದಕ್ಕೂ ಎದುರು ಹೇಳಲಿಲ್ಲ. ಮುಗಿಯದಿದ್ದರೆ ಚೆನ್ನ ಎನಿಸುತ್ತಿತ್ತು.

ಅಂದು ಸಂಜೆ ಅಮ್ಮನೇ ಪ್ರಾರ್ಥನೆಗೆ ಕೂತಳು. ಹಾಡಲು ಇನ್ನೂ ಅನುಮತಿ ಇರಲಿಲ್ಲವಾದ್ದರಿಂದ ದೊಡ್ಡಪ್ಪನನ್ನು ಸಹಿಸಿಕೊಂಡೆವು. ಶೀಲಾ ಓದಿದಳು. ಅಮ್ಮ ಕಣ್ಣು ಮುಚ್ಚಿ ಒಬ್ಬೊಬ್ಬರನ್ನೇ ಸರಿಯಾದ ಕಾಯಿಲೆಯೊಂದಿಗೆ ದೇವರಿಗೆ ಒಪ್ಪಿಸಿದಳು. ನನ್ನ ಸರದಿಗೆ ನಾನು ಕಾದಿದ್ದೆ.

“ಒಳಗೆ ಬಂದು ಕೂತಿರೋ ನನ್ನ ಮಗನ್ನ ನೋಡ್ಕೋ ಕರ್ತನೇ,” ಎಂದಳು ಅಮ್ಮ. “ಅವನ ಪ್ರಶ್ನೆಗಳು ಹಾಗೇ ಇರ್ಲಿ. ನೆನಪು ಮಾತ್ರ ಸ್ವಲ್ಪ ರಿಪೇರಿ ಮಾಡು. ಇನ್ನು ಮುಂದೆ ಸತ್ತೋರನ್ನ ಎಬ್ಬಿಸದ ಹಾಗೆ, ಬದುಕಿರೋರನ್ನ ಸಾಯಿಸದ ಹಾಗೆ ಅವನನ್ನ ಕಾಪಾಡು.”

ಎಲ್ಲರೂ ಆಮೆನ್ ಎಂದರು. ದೊಡ್ಡಪ್ಪನ ಆಮೆನ್ ಬೀದಿಯ ತನಕ ಕೇಳಿಸಿರಬೇಕು.

ಆ ದನಿಗಳ ನಡುವೆ ನನ್ನದೂ ಒಂದು ಇತ್ತು ಎಂದು ನನ್ನ ನೆನಪು. ಆದರೆ ನನ್ನ ನೆನಪಿನ ವಿಷಯ ನಿಮಗೆ ಈಗಾಗಲೇ ಗೊತ್ತಿದೆ.