ಚಂದ್ರಶೇಖರಪ್ಪನವರು ಕಲ್ಲಾದದ್ದು

ಮೂಡಿಗೆರೆಯ ನಿವೃತ್ತರ ಮನರಂಜನಾ ಸಂಘದ ಸದಸ್ಯರೂ ಇತಿಹಾಸದ ಮಾಜಿ ಉಪನ್ಯಾಸಕರೂ ಆದ ಚಂದ್ರಶೇಖರಪ್ಪನವರು ಹೋದ ಜೂನ್ ತಿಂಗಳ ಒಂದು ಬುಧವಾರ ಸಂಜೆ, ಬೋಂಡಾ ಮುಗಿದು ಕಾಫಿ ಬರುವ ಮುನ್ನ, ನಿಯಮಾನುಸಾರ ಕಲ್ಲಾದರು.

ಸಂಘದ ಇನ್ನೊಬ್ಬ ಸದಸ್ಯ ಬೆಳ್ಳಿಯಪ್ಪನವರ ಹೋಂಸ್ಟೇಗೆ ಬಂದ ಅತಿಥಿಗಳು ಒಂದು ಕಾರ್ಡಾಟದ ಪೆಟ್ಟಿಗೆ ಮರೆತು ಹೋಗಿದ್ದರು. ಅವರು ಅದನ್ನು ಸಂಘಕ್ಕೆ ತಂದರು. ಅದರಲ್ಲಿ ಒಬ್ಬರನ್ನೊಬ್ಬರು ಸೋಲಿಸುವಂತಿಲ್ಲ. ಎಲ್ಲರೂ ವೀರರು, ಎಲ್ಲರೂ ಒಂದೇ ಪಕ್ಷ, ಎದುರಿಗೆ ಗುಹೆಯ ಮಾಟಗಾತಿ. ಆಯುಷ್ಯವಿಡೀ ರಮ್ಮಿ ಆಡಿದವರಿಗೆ ಇದು ಸುಲಭವಲ್ಲ. ಮೊದಲ ಕೆಲವು ವಾರ ಸ್ವಪಕ್ಷದವರಿಂದಲೇ ಕಾರ್ಡು ಮುಚ್ಚಿಟ್ಟುಕೊಂಡು ಎಲ್ಲರೂ ಒಗ್ಗಟ್ಟಾಗಿ ಸೋತರು.

ಆ ಬುಧವಾರ ಚಂದ್ರಶೇಖರಪ್ಪನವರ ಪಾಲಿಗೆ ಬಂದ ಕಾರ್ಡು ಹೀಗಿತ್ತು: ‘ಈ ವೀರ ಕಲ್ಲಾಗುತ್ತಾನೆ. ಕಲ್ಲಾದವನು ಏನನ್ನೂ ಮಾಡುವಂತಿಲ್ಲ. ಎಲ್ಲ ವೀರರೂ ಒಪ್ಪಿದರೆ ಅವನಿಗೆ ಬಿಡುಗಡೆ.’

“ಅದಕ್ಕೇನು ಮಾರಾಯ, ನಾನು ಒಪ್ಪಿದೆ,” ಎಂದರು ಬೆಳ್ಳಿಯಪ್ಪ.

“ನಾನೂ ಒಪ್ಪಿದೆ,” ಎಂದರು ಸರೋಜಮ್ಮ ಟೀಚರ್.

“ನಾನಂತೂ ಒಪ್ಪೇ ಒಪ್ಪಿದೆ!” ಎಂದರು ಚಂದ್ರಶೇಖರಪ್ಪ.

ತಾಲ್ಲೂಕು ಕಚೇರಿಯಿಂದ ನಿವೃತ್ತರಾಗಿದ್ದ, ಸಂಘದ ಕಾರ್ಯದರ್ಶಿ ರವಿಶಂಕರ ಕನ್ನಡಕ ಏರಿಸಿದರು. “ನೀವು ಒಪ್ಪೋ ಹಾಗಿಲ್ಲ ಸರ್. ಕಲ್ಲು ಏನನ್ನೂ ಮಾಡೋ ಹಾಗಿಲ್ಲ. ಒಪ್ಪೋದೂ ಒಂದು ಮಾಡೋದೇ.”

“ಸರಿ, ನನ್ನ ಬಿಟ್ಟು ಉಳಿದವರು ಒಪ್ಪಲಿ.”

“ಎಲ್ಲ ವೀರರೂ ಅಂತಿದೆ. ನೀವು ವೀರರಲ್ವಾ?”

“ವೀರನೇ ಅಂತಿಟ್ಕೊಳ್ಳಿ, ಆದ್ರೆ—”

“ಮಾತಾಡಬೇಡಿ ಸರ್. ಮಾತೂ ಒಂದು ಮಾಡೋದೇ.”

ಮಾತಿಲ್ಲದ ಚಂದ್ರಶೇಖರಪ್ಪ ಎಂದರೆ ಕುಲುಮೆಯಿಲ್ಲದ ಕಮ್ಮಾರ. ಮನೆಯವರು ಅವರ ಮಾತನ್ನೆಲ್ಲ ಎಂದೋ ಕೇಳಿ ಮುಗಿಸಿದ್ದರು. ಕೇಳುವ ಕಿವಿ ಉಳಿದದ್ದು ಸಂಘದಲ್ಲಿ ಮಾತ್ರ. ಈಗ ಅಲ್ಲಿಯೂ ಬಾಯಿ ಬಿಡುವಂತಿಲ್ಲ. ಪ್ರಶ್ನೆ ಇತ್ಯರ್ಥವಾಗದೆ ಆಟ ಎತ್ತಿಡುವಂತಿಲ್ಲವೆಂದು ರವಿಶಂಕರ ಠರಾವು ಮಾಡಿಸಿ, ಸ್ಪಷ್ಟೀಕರಣ ಕೋರಿ ಆಟ ತಯಾರಿಸಿದ ಕಂಪನಿಗೆ ಬರೆದರು.

ಕಾಫಿಯ ಪ್ರಶ್ನೆಯೂ ಎದ್ದಿತು. ಕಲ್ಲು ಕುಡಿಯುವುದಿಲ್ಲ. ಆದರೆ ಕಲ್ಲಿನ ಮೇಲೆ ಹೊಯ್ಯುವ ಪದ್ಧತಿ ನಾಡಿನಲ್ಲಿ ಉಂಟೆಂದು ಸರೋಜಮ್ಮ ನೆನಪಿಸಿದ್ದರಿಂದ, ಇತರರು ಬಾಯಿಗೆ ಹೊಯ್ದರೆ ಅಡ್ಡಿಯಿಲ್ಲವೆಂದು ತೀರ್ಮಾನವಾಯಿತು. ಬೆಳ್ಳಿಯಪ್ಪ ದಿನವೂ ಭಕ್ತಿಯಿಂದ ಹೊಯ್ದರು. ಸ್ವಲ್ಪ ಬಿಸಿಯಾಗಿಯೇ ಹೊಯ್ದರು.

ಅಷ್ಟರಲ್ಲಿ ವಾರ್ಷಿಕ ಸಭೆ ಬಂತು. ಅಧ್ಯಕ್ಷರ ಭಾಷಣವೇ ಸಂಘದ ಹಳೆಯ ವ್ಯಾಧಿ. ಮಾತಾಡದ ಒಬ್ಬರೇ ಸದಸ್ಯರಾದ ಚಂದ್ರಶೇಖರಪ್ಪನವರ ಹೆಸರು ಅಧ್ಯಕ್ಷ ಸ್ಥಾನಕ್ಕೆ ಸೂಚಿತವಾಯಿತು, ಅವರಿಂದ ಆಕ್ಷೇಪ ಬರಲಿಲ್ಲ, ಅವಿರೋಧವಾಗಿ ಆಯ್ಕೆಯಾದರು. ಸಭೆ ಊಟಕ್ಕೆ ಮೊದಲೇ ಮುಗಿಯಿತು. ಕೋಳಿಸಾರು ಬಿಸಿಯಿರುವಾಗಲೇ ಉಣ್ಣುವ ಭಾಗ್ಯ ಸದಸ್ಯರಿಗೆ ಅಂದೇ ಮೊದಲು ಒದಗಿತು. ಹಲವರ ಕಣ್ಣು ಒದ್ದೆಯಾಯಿತು.

ಆಗಸ್ಟಿನಲ್ಲಿ ಕಂಪನಿಯ ಉತ್ತರ ಬಂತು: ಕಲ್ಲಾದವನ ಒಪ್ಪಿಗೆ ಬೇಕಿಲ್ಲ, ಉಳಿದವರು ಒಪ್ಪಿದರೆ ಸಾಕು.

ಚಂದ್ರಶೇಖರಪ್ಪನವರ ಎರಡು ತಿಂಗಳ ಮಾತು ಗಂಟಲಿನವರೆಗೂ ಬಂದು ನಿಂತಿತು. ಉಳಿದ ಮೂವರು ವೀರರು ಮುಖ ಮುಖ ನೋಡಿಕೊಂಡರು.

“ಒಪ್ಪೋದೇನೋ ಸರಿ,” ಎಂದರು ಸರೋಜಮ್ಮ. “ಅಧ್ಯಕ್ಷರು ಮಾತಾಡೋಕೆ ಶುರು ಮಾಡಿದ್ರೆ?”

“ಅವ್ರು ಪಾಣಿಪತ್ ಯುದ್ಧ ಶುರು ಮಾಡಿದ್ರೆ ಮೂರನ್ನೂ ಮುಗಿಸದೆ ಬಿಡೋರಲ್ಲ ಮಾರಾಯ್ರೆ,” ಎಂದರು ಬೆಳ್ಳಿಯಪ್ಪ.

ರವಿಶಂಕರ ಎದ್ದು ನಿಂತು ಠರಾವು ಓದಿದರು: “ಸಂಘದ ಹಿತದೃಷ್ಟಿಯಿಂದ ಮಾನ್ಯ ಅಧ್ಯಕ್ಷರನ್ನು ಅವರ ಅವಧಿ ಮುಗಿಯುವವರೆಗೆ ಯಥಾಸ್ಥಿತಿಯಲ್ಲಿ ಮುಂದುವರಿಸತಕ್ಕದ್ದು. ಆಕ್ಷೇಪ ಇದ್ದವರು ಕೈ ಎತ್ತಬೇಕು.”

ಚಂದ್ರಶೇಖರಪ್ಪನವರು ಎರಡೂ ಕೈ ಎತ್ತಿದರು.

ರವಿಶಂಕರ ಆ ಕೈಗಳನ್ನು ನೋಡಿದರು, ಕಾರ್ಡನ್ನು ನೋಡಿದರು, ಮತ್ತೊಮ್ಮೆ ಕೈಗಳನ್ನು ನೋಡಿದರು. “ಯಾರದ್ದೂ ಆಕ್ಷೇಪ ಇಲ್ಲ. ಸರ್ವಾನುಮತ.”

ಚಪ್ಪಾಳೆಯಾಯಿತು. ಚಂದ್ರಶೇಖರಪ್ಪನವರು ಸ್ವಲ್ಪ ಹೊತ್ತು ಕೈ ಹಾಗೇ ಹಿಡಿದಿದ್ದರು. ಓದಿಕೊಂಡ ಮನುಷ್ಯ, ನಿಯಮವನ್ನು ಮನಸ್ಸಿನಲ್ಲೇ ಹಿಂದೆ ಮುಂದೆ ಓದಿ ನೋಡಿದರು. ಎಲ್ಲೂ ತಪ್ಪು ಸಿಗಲಿಲ್ಲ. ತಾನು ಕಾರ್ಯದರ್ಶಿಯಾಗಿದ್ದರೂ ಹಾಗೇ ಬರೆಯುತ್ತಿದ್ದೆ ಎನ್ನಿಸಿತು. ಮೆಲ್ಲಗೆ ಕೈ ಇಳಿಸಿದರು. ಅದನ್ನೂ ಯಾರೂ ನೋಡಲಿಲ್ಲ.