ತಾತನ ಗುಂಡಿಗೆಯ ವಾರಸುದಾರರು

ಮನುಷ್ಯ ತನ್ನ ವಂಶದಲ್ಲಿ ತನಗೆ ಬೇಕಾದವರನ್ನು ಮಾತ್ರ ಆರಿಸಿಕೊಳ್ಳುತ್ತಾನೆ. ನಾನು ಆರಿಸಿಕೊಂಡದ್ದು ಹಾಲಹರವಿಯ ತಾತನನ್ನು, ನನ್ನ ತಾಯಿಯ ತಂದೆಯನ್ನು. ತೊಂಬತ್ತಾರು ವರ್ಷ ಬದುಕಿದ ಆತ ಕೊನೆಯವರೆಗೂ ರೊಟ್ಟಿಯ ಮೇಲಿನ ಬೆಣ್ಣೆ ಬಿಟ್ಟವನಲ್ಲ. ಐವತ್ಮೂರಕ್ಕೇ ಎದೆ ಹಿಡಿದುಕೊಂಡು ಕುಸಿದ ನನ್ನ ಅಪ್ಪನ ಹೆಸರನ್ನು ಈ ವಿಷಯದಲ್ಲಿ ನಾನು ಎತ್ತುತ್ತಲೇ ಇರಲಿಲ್ಲ. ಆದೋನಿಯ ನನ್ನ ಹತ್ತಿ ಅಂಗಡಿಯಲ್ಲಿ ದಿಂಬಿಗೊರಗಿ, ದಿನಾ ಸಂಜೆ ಮನೆಯಿಂದ ಬಂದ ಒಗ್ಗರಣೆ ಮಂಡಕ್ಕಿಯ ಜೊತೆ ನಾಲ್ಕು ಮಿರ್ಚಿ ಬಜ್ಜಿ ಮುಗಿಸುತ್ತ, "ನಮ್ದು ತಾತನ ರಕ್ತ, ಏನೂ ಆಗಂಗಿಲ್ಲ" ಎಂದು ಬಂದವರಿಗೆಲ್ಲ ಹೇಳುತ್ತಿದ್ದೆ. ತಾತ ಆ ಬೆಣ್ಣೆ ತಿಂದು ದಿನವಿಡೀ ಎತ್ತುಗಳ ಹಿಂದೆ ನಡೆಯುತ್ತಿದ್ದ ಎಂಬ ಸಣ್ಣ ವಿವರವನ್ನು ಮಾತ್ರ ನುಂಗಿಕೊಳ್ಳುತ್ತಿದ್ದೆ.

ಕಳೆದ ತಿಂಗಳು ಅಂಗಡಿಯ ಮೆಟ್ಟಿಲು ಹತ್ತುವಾಗ ಉಸಿರು ಕಟ್ಟಿತು. ನನ್ನ ಹೆಂಡತಿ ನೀಲಮ್ಮ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿಯೂ ತಾತನ ಪುರಾಣ ಬಿಚ್ಚಿದೆ.

"ತಾತಾರು ಸರೆ, ನಿಮ್ಮ ಅಪ್ಪಾರು ಹೆಂಗ ಹೋದ್ರು?" ಎಂದರು ಡಾಕ್ಟರಮ್ಮ.

ನಾನು ಗೋಡೆಯ ಕ್ಯಾಲೆಂಡರ್ ನೋಡತೊಡಗಿದೆ. ನೀಲಮ್ಮ ಹೇಳಿದಳು: "ಎದಿಬ್ಯಾನಿರಿ, ಐವತ್ಮೂರಕ್ಕ. ಆ ತಾತ ಇವ್ರಿಗಷ್ಟೇ ಅಲ್ರಿ, ನನಗೂ ತಾತನೇ. ನಾನು ಇವ್ರ ಸೋದರಮಾವನ ಮಗಳು."

ಡಾಕ್ಟರಮ್ಮ ನಕ್ಕು, "ಹಂಗಾದ್ರ ನೀವೂ ಕೂಡ್ರಮ್ಮ, ಬೀಪಿ ನೋಡೋಣ" ಎಂದರು.

ನನ್ನ ಬೀಪಿ ಸ್ವಲ್ಪ ಜಾಸ್ತಿಯಿತ್ತು. ಉಸಿರು ಕಟ್ಟಿದ್ದಕ್ಕೆ ಮುಖ್ಯ ಕಾರಣ ಹೊಟ್ಟೆಯ ಭಾರವಂತೆ. ನೀಲಮ್ಮನ ತೋಳಿಗೆ ಮಾತ್ರ ಪಟ್ಟಿಯನ್ನು ಮೂರು ಸಲ ಸುತ್ತಿ ಸುತ್ತಿ ನೋಡಿದರು. ಅವರ ನಗು ಹೋಯಿತು. ಇಸಿಜಿ ಬರೆದರು.

"ಆಯಾಸ ಯಾವಾಗಿಂದ ಐತಮ್ಮ?"

"ಒಂದು ವರ್ಷಾತ್ರಿ."

"ಮನ್ಯಾಗ ಹೇಳಿಲ್ಲೇನು?"

"ಹೇಳಿದ್ದೆರಿ. ನಿಂದೂ ತಾತನ ರಕ್ತನೇ, ಏನೂ ಆಗಂಗಿಲ್ಲ ಅಂದ್ರು."

ಡಾಕ್ಟರಮ್ಮ ನನ್ನ ಕಡೆ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಇಪ್ಪತ್ತೆಂಟು ವರ್ಷ ನನಗೆ ಮಿರ್ಚಿ ಕರಿಯುತ್ತ ಬೆಂಕಿಯ ಮುಂದೆ ನಿಂತವಳ ಎದೆ ನನಗೆ ನೆನಪೇ ಆಗಿರಲಿಲ್ಲ.

ಪುಣ್ಯಕ್ಕೆ ಅವಳ ಏರಿದ ಬೀಪಿ ಮಾತ್ರೆ, ಪಥ್ಯದಲ್ಲಿ ಹಿಡಿತಕ್ಕೆ ಬರುವಂಥದ್ದೇ ಆಗಿತ್ತು. ಇಬ್ಬರಿಗೂ ಉಪ್ಪು, ಎಣ್ಣೆ ಕಡಿಮೆ, ಬೆಳಿಗ್ಗೆ ವಾಕಿಂಗ್. ಮೊದಲ ದಿನ ಕಾಲೇಜು ಮೈದಾನದಲ್ಲಿ ಎರಡನೆಯ ಸುತ್ತಿಗೇ ನಾನು ಚಪ್ಪಲಿ ಬಿಟ್ಟು ಕಲ್ಲುಬೆಂಚಿನ ಮೇಲೆ ಕುಳಿತೆ. ಪಕ್ಕದಲ್ಲಿದ್ದವರು, "ನೀವು ನಡಿಯಂಗಿಲ್ಲೇನ್ರಿ?" ಎಂದರು.

"ಮನಿಯಾಕಿಗೆ ಆರಾಮಿಲ್ರಿ. ಆಕಿ ಜೋಡಿ ಬಂದೀನಿ," ಎಂದೆ.

ಅಷ್ಟರಲ್ಲಿ ಸುತ್ತು ಮುಗಿಸಿ ಬಂದ ನೀಲಮ್ಮನಿಗೆ ಅದು ಕೇಳಿಸಿತು. ನನ್ನ ಚಪ್ಪಲಿಗಳನ್ನು ಎತ್ತಿಕೊಂಡು ನಡೆದೇಬಿಟ್ಟಳು. ನಾನು ಬರಿಗಾಲಲ್ಲಿ ಹಿಂದೆ ಓಡಿದೆ. ನೋಡಿದವರು ಜಾಗಿಂಗ್ ಅಂದುಕೊಂಡಿರಬೇಕು.