ಹೊರಡುವ ಮೊದಲೇ ತಲುಪುವ ವಿಮಾನ

ಯಾರಾದರೂ ಪ್ರಯಾಣ ಹೊರಟರೆ ಎಷ್ಟು ದೂರ, ಎಷ್ಟು ಹೊತ್ತು ಎಂದು ಲೆಕ್ಕ ಹೇಳದಿದ್ದರೆ ನನಗೆ ತಿಂದ ಅನ್ನ ಮೈಗೆ ಹತ್ತುವುದಿಲ್ಲ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ವಾರವಾರ ಬರುವ ನಾನು, ಆ ಬಸ್ಸು ಎಷ್ಟು ಹೊತ್ತಿಗೆ ತಲುಪುತ್ತದೆಂದು ಒಂದು ದಿನವೂ ಸರಿಯಾಗಿ ಹೇಳಿದವನಲ್ಲ. ವಿಮಾನದ ವಿಷಯದಲ್ಲಿ ಮಾತ್ರ ಧೈರ್ಯ ಜಾಸ್ತಿ; ತಪ್ಪು ಹಿಡಿಯುವವರು ನಮ್ಮ ಪೈಕಿ ಯಾರೂ ಇಲ್ಲ.

ಆಕ್ಲೆಂಡಿನಲ್ಲಿ ನರ್ಸ್ ಆಗಿರುವ ನನ್ನ ಹೆಂಡತಿಯ ತಂಗಿ ಸುಮಾ, ಹೋದ ತಿಂಗಳು ಒಂದು ಭಾನುವಾರ ಗಂಡನ ತಂಗಿಯ ಬಾಣಂತನಕ್ಕೆಂದು ಸ್ಯಾನ್‌ಫ್ರಾನ್ಸಿಸ್ಕೊಗೆ ಹೊರಟಿದ್ದಳು. ಆ ಭಾನುವಾರ ಸಂಜೆ ನಾವು ಭೀಮನಬೀಡಿನ ಅತ್ತೆ ಮನೆಯಲ್ಲಿದ್ದೆವು. ವಿಮಾನದ ಹಾದಿ ತೋರಿಸುವ ಆ್ಯಪ್ ತೆರೆದು ಅತ್ತೆಗೆ ವಿವರಿಸಿದೆ: ದೂರ ಹತ್ತು ಸಾವಿರ ಕಿಲೋಮೀಟರಿಗೂ ಮೇಲೆ, ಹಾರಾಟ ಸುಮಾರು ಹನ್ನೆರಡು ಗಂಟೆ. ಆಕ್ಲೆಂಡಿನಿಂದ ಭಾನುವಾರ ರಾತ್ರಿ ಹೊರಟ ವಿಮಾನ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಅದೇ ಭಾನುವಾರ ಮಧ್ಯಾಹ್ನ ಇಳಿಯುತ್ತದೆ. ನಡುವೆ ಸಮುದ್ರದ ಮೇಲೆ ತಾರೀಖು ಬದಲಾಗುವ ಗೆರೆಯೊಂದಿದೆ. ದಾಟಿದರೆ ದಿನ ಹಿಂದಕ್ಕೆ ಹೋಗುತ್ತದೆ.

ಅವರೆಕಾಯಿ ಬಿಡಿಸುತ್ತಿದ್ದ ಅತ್ತೆಯ ಕೈ ನಿಂತಿತು. "ಅಲ್ಲ ಅಳಿಯಂದ್ರೆ, ಒರ್ಡೋಕ್ ಮುಂಚೇನೆ ತಲುಪ್ಬುಟ್ರೆ, ಅಲ್ಲಿ ಇಳಿಯೋದು ಯಾರು?"

"ಸುಮಾನೇ ಅತ್ತೆ."

"ಮತ್ತೆ ಆ ಒತ್ನಲ್ಲಿ ಮನೇಲಿ ಬಟ್ಟೆ ತುಂಬ್ತಾ ಇದ್ದೋಳು?"

ಲೆಕ್ಕ ತೋರಿಸೋಣವೆಂದು ಫೋನನ್ನು ಅತ್ತೆಯ ಕಡೆ ಹಿಡಿದೆ. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಮೋಡ ಇಳಿದು ಹಜಾರ ಮಬ್ಬಾಗಿತ್ತು. ಫೋನಿನಲ್ಲಿ ಪುಟ್ಟ ಹಳದಿ ವಿಮಾನ, ಒಂದು ಊರೂ ಇಲ್ಲದ ನೀಲಿಯ ಮೇಲೆ ಅಲುಗಾಡದೆ ನಿಂತಂತಿತ್ತು.

ಆಗಲೇ ಆ ಫೋನು ಬಡಿದುಕೊಂಡಿತು. ವಿಡಿಯೊ ಕಾಲ್. ಸಮುದ್ರದ ಮೇಲಿರಬೇಕಾದ ಸುಮಾ! ಮುಖ ಬಿಳುಚಿಕೊಂಡಿದೆ, ಕಣ್ಣು ಮಿಟುಕುತ್ತಿಲ್ಲ, ತುಟಿ ಅಲುಗುತ್ತಿಲ್ಲ. ದನಿ ಮಾತ್ರ ಬಾವಿಯೊಳಗಿಂದ ಬಂದ ಹಾಗೆ ಬಂತು: "ಅವ್ವಾ... ನಾನು ಮನೇಲೇ ಇವ್ನಿ..."

ಹೆಂಡತಿ ನನ್ನ ತೋಳು ಹಿಡಿದಳು. ನಿಜ ಹೇಳಬೇಕೆಂದರೆ, ಅವಳ ತೋಳು ಹಿಡಿದವನು ನಾನು. ಅತ್ತೆಯೊಬ್ಬರೇ ಜಗ್ಗಲಿಲ್ಲ. ಫೋನಿನತ್ತ ಬಾಗಿ, "ನನ್ ಮಗಳೇ ಆಗಿದ್ರೆ ಪಾದ ತೋರ್ಸಮ್ಮಿ," ಎಂದರು. ದೆವ್ವದ ಪಾದ ಹಿಂದುಮುಂದಾಗಿರುತ್ತದಲ್ಲ!

ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಚಿತ್ರ ಒಮ್ಮೆ ನಡುಗಿ, ಎರಡು ಪಾದ ಕಂಡವು. ಬೆರಳುಗಳು ಮುಂದಕ್ಕೇ ಇದ್ದವು.

"ನೆಟ್‌ವರ್ಕ್ ಸರಿಯಿಲ್ಲ ಕಣವ್ವ. ನನ್ದು ಬುಟ್ಟು ನಮ್ಮೆಜಮಾನ್ರ ಪಾಸ್‌ಪೋರ್ಟ್ ಎತ್ಕೊಂಡೋಗ್ಬುಟ್ಟಿದ್ದೆ, ಏರ್‌ಪೋರ್ಟಿಂದ್ಲೇ ವಾಪಸ್ ಕಳಿಸ್ಬುಟ್ರು. ನಾಳೆ ಓಯ್ತೀನಿ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಅವರೆಕಾಯಿ ಹಿಡಿದರು. "ಭಾವ, ನೀವ್ಯಾಕ್ ಇನ್ನೂ ಪಾದಾನೇ ನೋಡ್ತಾ ಕುಂತಿದ್ದೀರಾ?" ಎಂದಳು ಸುಮಾ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮರುದಿನ ಬೆಳಿಗ್ಗೆ, ಕಾಫಿಗೂ ಮೊದಲು ಆ್ಯಪ್ ತೆರೆದು, ಅವಳಿಲ್ಲದ ಆ ವಿಮಾನ ಏನಾಯಿತೆಂದು ನೋಡಿದೆ. ಕ್ಷೇಮವಾಗಿ ಇಳಿದಿತ್ತು. ಅಲ್ಲಿನ ಭಾನುವಾರ ಮಧ್ಯಾಹ್ನ. ಅಂದರೆ, ಗಡಿಯಾರದ ಲೆಕ್ಕದಲ್ಲಿ, ಭಾನುವಾರ ಸಂಜೆ ನಾವು ಹೆದರುವುದಕ್ಕೂ ಮೊದಲೇ. ಇದನ್ನು ಅತ್ತೆಗೆ ವಿವರಿಸಲು ಹೋಗಲಿಲ್ಲ. ನನಗೇ ಇನ್ನೊಮ್ಮೆ ವಿವರಿಸಿಕೊಳ್ಳುವ ಧೈರ್ಯವಿರಲಿಲ್ಲ.